ಕೂಸು ಮೊದಲೇ ಹೇಳಿದ್ದಳು, 4 ನ್ಯೂಟನ್

ಭಾನುವಾರ ಬೆಳಿಗ್ಗೆ ತೆಳ್ಳೇವು ಎರೆಯುತ್ತಿದ್ದೆ. ಫೋನು ಒಂದೇ ಸಮನೆ ಟಿಂಗ್ ಟಿಂಗ್ ಎನ್ನತೊಡಗಿತು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಶಿರಸಿಯ ದೊಡ್ಡಪ್ಪ ಒಂದು ಚಿತ್ರ ಕಳಿಸಿದ್ದರು. ನುಣುಪು ನೆಲದ ಮೇಲೆ ಎರಡು ಪೆಟ್ಟಿಗೆ, ಒಂದಕ್ಕೊಂದು ತಾಗಿಕೊಂಡಿವೆ. ಎಡದ್ದು 3 ಕೆಜಿ, ಬಲದ್ದು 2 ಕೆಜಿ. ಎಡದ ಪೆಟ್ಟಿಗೆಯನ್ನು ಒಂದು ಕೈ 10 ನ್ಯೂಟನ್ ಬಲದಿಂದ ತಳ್ಳುತ್ತಿದೆ. ಕೆಳಗೆ ಕೆಂಪು ಅಕ್ಷರ:

"ಪೆಟ್ಟಿಗೆಗಳ ನಡುವಿನ ಬಲ ಎಷ್ಟು? ಈಗಿನ ಪುಸ್ತಕ 4 ಎನ್ನುತ್ತದೆ. ನ್ಯೂಟನ್ನನ ಮೂರನೇ ನಿಯಮದ ಪ್ರಕಾರ 10! ಮಕ್ಕಳಿಗೆ ತಪ್ಪು ಕಲಿಸುತ್ತಿದ್ದಾರೆ. ಎಲ್ಲರಿಗೂ ಕಳಿಸಿ."

ಅದರ ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: "ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಈಗಿನ ಓದೇ ಹಾಳು."

ಕಾರವಾರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ನನಗೆ 20 ವರ್ಷ ಆಯಿತು. ಈ ಲೆಕ್ಕದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗೊತ್ತು. ಕೂಡಲೇ ಉತ್ತರ ಬರೆಯಬೇಕು ಅನಿಸಿತು. ಆದರೆ ಹಿಂದೊಮ್ಮೆ ಹೀಗೇ ತಿದ್ದಲು ಹೋದಾಗ "ಪಾಠ ಶಾಲೆಯಲ್ಲಿ ಸಾಕು" ಎಂಬ ಮಾತು ಬಂದಿತ್ತು. ಕೈ ಸ್ವಲ್ಪ ಹಿಂದೆಗೆಯಿತು.

ಬೆಂಗಳೂರಿನ ಭಾವ ಬಿಡಲಿಲ್ಲ. "ಮೂಲ ಎಲ್ಲಿ? ಯಾವ ಪುಸ್ತಕ, ಯಾವ ಪುಟ?" ಎಂದು ಕೇಳಿದರು. ಹೋದ ವರ್ಷ ದೊಡ್ಡಪ್ಪ ಕಳಿಸಿದ ಒಂದು ಮನೆಮದ್ದಿನ ಮೆಸೇಜು ಸುಳ್ಳು ಎಂದು ಇದೇ ಭಾವ ತೋರಿಸಿಕೊಟ್ಟಿದ್ದರು. ಆ ಸಿಟ್ಟು ಇನ್ನೂ ಆರಿಲ್ಲ. "ಹಿರಿಯರು ಏನು ಹೇಳಿದರೂ ಸಾಕ್ಷಿ ಕೇಳುವುದೇ ಈಗಿನ ಸಂಸ್ಕಾರ" ಎಂದು ದೊಡ್ಡಪ್ಪ ಬರೆದರು. ಅಲ್ಲಿಗೆ ಪೆಟ್ಟಿಗೆಯ ಮಾತು ಮುಗಿಯಿತು.

ಆಮೇಲೆ ಅಂಕೋಲೆಯ ತಮ್ಮ ಬಂದ. "ತಳ್ಳೋದು ಅಂದ ಕೂಡಲೇ ನೆನಪಾಯ್ತು ನೋಡಿ, ಆ ಮಳೆಗಾಲದಲ್ಲಿ ಅಡಿಕೆ ಚೀಲ ತುಂಬಿದ ಜೀಪು ತೋಟದ ದಾರಿಯ ಕೆಸರಲ್ಲಿ ಹೂತಿದ್ದು! ಆಯಿ ಕಳಿಸಿದ ಬಿಸಿ ಕಷಾಯ!" ಅಷ್ಟು ಸಾಕಾಯಿತು.

ಅಪ್ಪಚ್ಚಿ: "ಅವತ್ತು ಜೀಪು ತಳ್ಳಿದ್ದು ನಾನೊಬ್ಬನೇ. ಉಳಿದವರು ಸುಮ್ನೆ ಕೈ ಇಟ್ಟು ನಿಂತಿದ್ದರು."

ದೊಡ್ಡಪ್ಪ: "ನಿನ್ನ ಬೆನ್ನಿಗೆ ಕೈ ಕೊಟ್ಟು ತಳ್ಳಿದ್ದು ಯಾರು ಹಾಗಾದರೆ?"

ಅಪ್ಪಚ್ಚಿ: "ಬೆನ್ನು ನೋವು ಬಂದಿದ್ದು ನನಗೆ. ಹಿಸೆ ಆಗುವಾಗಲೂ ಹಾಗೇ ಆಯ್ತು."

ಹಿಸೆಯ ಮಾತು ಬಂದ ಮೇಲೆ ಕೇಳಬೇಕೇ. ಯಾರಿಗೆ ಯಾವ ತೋಟ ಬಂತು, ಹಿತ್ತಾಳೆ ಹಂಡೆ ಎಲ್ಲಿ ಹೋಯಿತು ಎಂದು ನಲವತ್ತು ಮೆಸೇಜು. ನಾನು ಒಲೆ ಆರಿಸಿ, ಎಲ್ಲವನ್ನೂ ಮೊದಲಿಂದ ಓದಿದೆ. ಮೂರನೇ ಮೆಸೇಜಿನಲ್ಲಿ ಕಣ್ಣು ನಿಂತಿತು. ಅಣ್ಣನ ಮಗಳು, ಮೊದಲ ಪಿಯುಸಿ ಓದುವ ಕೂಸು, ಬರೆದಿದ್ದಳು:

"4 ಸರಿ ಅಲ್ವಾ? ಮುಂದಿನ ಪೆಟ್ಟಿಗೆಗೆ ಅಷ್ಟೇ ಸಾಕು."

ಅದಕ್ಕೆ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಇಡೀ ಲೆಕ್ಕ ಆ ಒಂದು ಸಾಲಿನಲ್ಲಿ ಇತ್ತು. ಹಿಂಜರಿಕೆ ಬಿಟ್ಟು ಬರೆಯಲು ಕೂತೆ.

"ಕೂಸು ಹೇಳಿದ್ದು ಸರಿ. ಎರಡೂ ಪೆಟ್ಟಿಗೆ ಒಟ್ಟಿಗೇ ಓಡುತ್ತವೆ. ಒಟ್ಟು 5 ಕೆಜಿ, ತಳ್ಳುವ ಬಲ 10. 10ನ್ನು 5ರಿಂದ ಭಾಗಿಸಿದರೆ ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಏರುವ ಪ್ರಮಾಣ, 2. ಈಗ ಮುಂದಿನ ಪೆಟ್ಟಿಗೆ ಒಂದನ್ನೇ ನೋಡಿ. ಕೈ ಅದನ್ನು ಮುಟ್ಟಿಯೇ ಇಲ್ಲ. ಅದನ್ನು ತಳ್ಳುವುದು ಹಿಂದಿನ ಪೆಟ್ಟಿಗೆ ಮಾತ್ರ. 2 ಕೆಜಿಗೆ ವೇಗೋತ್ಕರ್ಷ 2 ಬರಬೇಕು ಅಂದರೆ 4 ನ್ಯೂಟನ್ ಬೇಕು, ಅಷ್ಟೇ."

ಭಾವ ತಕ್ಷಣ ಕೇಳಿದರು: "10ರಲ್ಲಿ 4 ಮುಂದೆ ಹೋಯಿತು. ಉಳಿದ 6 ಎಲ್ಲಿ?"

ಇಡೀ ದಿನದಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ ಅದು. ಆ 6 ಹಿಂದಿನ ಪೆಟ್ಟಿಗೆಯನ್ನು ಓಡಿಸಲು ಬೇಕಾಯಿತು. ಅದಕ್ಕೆ ಕೈಯಿಂದ 10 ಮುಂದಕ್ಕೆ, ಎದುರಿನ ಪೆಟ್ಟಿಗೆಯಿಂದ 4 ಹಿಂದಕ್ಕೆ. ಉಳಿದದ್ದು 6. ಅದರ ತೂಕ 3 ಕೆಜಿ, ವೇಗೋತ್ಕರ್ಷ 2, ಗುಣಿಸಿದರೆ 6. ಎರಡೂ ಕಡೆಯಿಂದ ಲೆಕ್ಕ ಕೂಡಿ ಬಂತು.

ನಡುವೆ 10 ಇದ್ದಿದ್ದರೆ? ಹಿಂದಿನ ಪೆಟ್ಟಿಗೆಗೆ ಮುಂದಿನಿಂದ 10, ಹಿಂದಿನಿಂದ 10. ಅದು ನಿಂತಲ್ಲೇ ಇರಬೇಕು. ಮುಂದಿನದು ಮಾತ್ರ 5ರ ವೇಗೋತ್ಕರ್ಷದಲ್ಲಿ ಓಡಿಹೋಗಬೇಕು. ಆಗ ಎರಡೂ ತಾಗಿಕೊಂಡು ಇರುವುದೇ ಇಲ್ಲ. ಮುಟ್ಟದೆ ತಳ್ಳುವುದು ಹೇಗೆ?

ಒಂದು ವಸ್ತು ಇನ್ನೊಂದನ್ನು ಎಷ್ಟು ಬಲದಿಂದ ತಳ್ಳುತ್ತದೋ ಅದೂ ತಿರುಗಿ ಅಷ್ಟೇ ಬಲದಿಂದ ತಳ್ಳುತ್ತದೆ ಎಂಬುದು ಮೂರನೇ ನಿಯಮ. ಫಾರ್ವರ್ಡು ಬರೆದವರು ಅದನ್ನು ತಪ್ಪಾದ ಜೋಡಿಗೆ ಹಚ್ಚಿದ್ದಾರೆ. ನ್ಯೂಟನ್ 1687ರಲ್ಲಿ ಅದನ್ನು ವಿವರಿಸುವಾಗ ಕೊಟ್ಟ ಉದಾಹರಣೆ ಬಹಳ ಸರಳ: ಬೆರಳಿನಿಂದ ಕಲ್ಲನ್ನು ಒತ್ತಿದರೆ ಕಲ್ಲು ಬೆರಳನ್ನು ಒತ್ತುತ್ತದೆ. ಇಬ್ಬರ ನಡುವಿನ ಮಾತು ಅದು, ಮೂರನೆಯವರಿಗೆ ಸಂಬಂಧ ಇಲ್ಲ. ಕೈಗೂ ಹಿಂದಿನ ಪೆಟ್ಟಿಗೆಗೂ ನಡುವೆ 10, 10. ಪೆಟ್ಟಿಗೆ ಪೆಟ್ಟಿಗೆಯ ನಡುವೆ 4, 4. ಮೊದಲ ಜೋಡಿಯ 10ನ್ನು ಎರಡನೇ ಜೋಡಿಗೆ ತಂದು ಕೂರಿಸುವಂತಿಲ್ಲ. ಇದೇ 10ನ್ನು ಬಲಗಡೆಯಿಂದ ತಳ್ಳಿದರೆ ನಡುವಿನ ಬಲ 6 ಆಗುತ್ತದೆ, ಯಾಕೆಂದರೆ ಈಗ ಮುಂದೆ ಇರುವುದು 3 ಕೆಜಿಯದು.

ದೊಡ್ಡಪ್ಪನಿಗೆ ಬೇರೆಯಾಗಿ ಹೇಳಬೇಕು ಅನಿಸಿತು. ಅವರಿಗೆ ಅಟ್ಟದ ಅಡಿಕೆ ಚೀಲ ಚೆನ್ನಾಗಿ ಗೊತ್ತು. "ದೊಡ್ಡಪ್ಪ, 50 ಕೆಜಿಯ ಮೂರು ಚೀಲ ಒಂದರ ಮೇಲೊಂದು ಇಟ್ಟಿದ್ದೀರಿ ಅಂದುಕೊಳ್ಳಿ. ನೆಲಕ್ಕೆ 150 ಕೆಜಿ ಭಾರ. ಆದರೆ ಮೇಲಿನ ಚೀಲ ಅದರ ಕೆಳಗಿನದನ್ನು ಒತ್ತುವುದು 50 ಕೆಜಿ ಭಾರದಿಂದ ಮಾತ್ರ. ನಡುವಿನದು ಬುಡದ್ದನ್ನು 100 ಕೆಜಿ ಭಾರದಿಂದ. ಬುಡದ ಚೀಲ ಮೊದಲು ಹರಿಯುವುದು ಅದಕ್ಕೇ ಅಲ್ವಾ?" ಅಂಕೋಲೆಯ ತಮ್ಮನಿಗೆ ರೈಲು ಅಂದರೆ ಪ್ರಾಣ. ಅವನಿಗೆ ಕೊಂಕಣ ರೈಲ್ವೆಯ ಗೂಡ್ಸ್ ಗಾಡಿ ನೆನಪಿಸಿದೆ. ಇಂಜಿನ್ನಿನ ಹಿಂದಿನ ಮೊದಲ ಕೊಂಡಿ ಇಡೀ ಗಾಡಿಯನ್ನು ಎಳೆಯುತ್ತದೆ, ಕೊನೆಯ ಕೊಂಡಿ ಒಂದೇ ಡಬ್ಬಿಯನ್ನು.

ಇನ್ನೊಂದು ಮಾತನ್ನೂ ಬರೆದೆ, ಅದು ನ್ಯಾಯ. 10 ಸರಿಯಾಗುವ ಸಂದರ್ಭವೂ ಇದೆ. ಮುಂದಿನ ಪೆಟ್ಟಿಗೆ ಗೋಡೆಗೆ ತಾಗಿ ನಿಂತಿದ್ದರೆ ಯಾವುದೂ ಅಲುಗುವುದಿಲ್ಲ. ಆಗ ಕೈಯಿಂದ ಗೋಡೆಯವರೆಗೆ ಎಲ್ಲಾ ಕಡೆ 10. ದೊಡ್ಡಪ್ಪನಿಗೆ 10 ಸರಿ ಅನಿಸಿದ್ದು ಸುಮ್ನೆ ಅಲ್ಲ. ನಿಂತ ವಸ್ತುವನ್ನು ಒತ್ತಿ ನೋಡಿದ ಅನುಭವ ಎಲ್ಲರಿಗೂ ಇದೆ.

ಭಾವನಿಗೆ ಮೂಲ ಬೇಕಿತ್ತಲ್ಲ. 11ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ ಲೆಕ್ಕ ಕಳಿಸಿದೆ. ಅಲ್ಲಿ 10 ಕೆಜಿ, 20 ಕೆಜಿಯ ಎರಡು ವಸ್ತುಗಳನ್ನು ದಾರದಿಂದ ಕಟ್ಟಿ 600 ನ್ಯೂಟನ್ ಬಲದಿಂದ ಎಳೆಯುತ್ತಾರೆ. ಹಗುರದ್ದನ್ನು ಹಿಡಿದು ಎಳೆದರೆ ದಾರದ ಬಿಗಿತ 400, ಭಾರದ್ದನ್ನು ಹಿಡಿದು ಎಳೆದರೆ 200. ಭಾವ ಒಪ್ಪಿದರು, ಆದರೆ ಇನ್ನೊಂದು ಕೊಕ್ಕೆ ಹಾಕಿದರು: "ಇಷ್ಟು ನುಣುಪಾದ ನೆಲ ಎಲ್ಲಿದೆ? ಘರ್ಷಣೆ ಸೇರಿಸಿದರೆ?"

ನಾನು ಉತ್ತರಿಸುವ ಮೊದಲೇ ಮಧ್ಯಾಹ್ನ ಕೂಸಿನ ವಿಡಿಯೋ ಬಂತು. ತಮ್ಮ ಮನೆಯ ಜಗಲಿಯಲ್ಲಿ ಎರಡು ಮಣೆ ಇಟ್ಟು ಅಕ್ಕಿ ಗಂಟು ಹೇರಿದ್ದಳು. ಮಣೆಯೂ ಸೇರಿ ಒಂದು 3 ಕೆಜಿ, ಇನ್ನೊಂದು 2 ಕೆಜಿ. ಎರಡರ ನಡುವೆ ದಾರದಲ್ಲಿ ಒಂದು ಕೊಕ್ಕೆ ತಕ್ಕಡಿ, ಎಳೆಯುವ ತುದಿಯಲ್ಲಿ ಇನ್ನೊಂದು. ಅಣ್ಣ ಒಂದೇ ವೇಗದಲ್ಲಿ ಮೆಲ್ಲಗೆ ಎಳೆಯುತ್ತಿದ್ದ. ಮುಳ್ಳು ಅಲ್ಲಾಡುತ್ತಿತ್ತು. ಆದರೂ ತುದಿಯದು ಒಂದೂವರೆ ಕೆಜಿಯ ಹತ್ತಿರ, ನಡುವಿನದು 600 ಗ್ರಾಮಿನ ಹತ್ತಿರ. ಮಣೆ ಅದಲು ಬದಲು ಮಾಡಿದಾಗ ನಡುವಿನದು 900ರ ಹತ್ತಿರ ಬಂತು. ನೆಲ ಎರಡಕ್ಕೂ ಒಂದೇ ಥರ ಇದ್ದರೆ ಘರ್ಷಣೆ ಸೇರಿದರೂ ಪಾಲು ಬದಲಾಗುವುದಿಲ್ಲ. ಐದರಲ್ಲಿ ಎರಡು, ಇಲ್ಲವೇ ಐದರಲ್ಲಿ ಮೂರು. ಎಳೆದರೂ ತಳ್ಳಿದರೂ ಲೆಕ್ಕ ಅದೇ. ನಾನು ಆ ವಿಡಿಯೋವನ್ನು ಮೂರು ಸಲ ನೋಡಿದೆ.

ಗ್ರೂಪಿನಲ್ಲಿ ಸಂಜೆಯವರೆಗೂ ಹಂಡೆಯ ಮಾತೇ ನಡೆದಿತ್ತು. ದೊಡ್ಡಪ್ಪ ಅಲ್ಲಿ ಏನೂ ಬರೆಯಲಿಲ್ಲ. ರಾತ್ರಿ ಕೂಸಿಗೇ ಫೋನು ಮಾಡಿ, "ಮೂರು ಪೆಟ್ಟಿಗೆ ಇಟ್ಟರೆ ಎಷ್ಟಾಗುತ್ತದೆ, ಹೇಳು ನೋಡುವ" ಎಂದರಂತೆ. ಅವಳು ಪುಸ್ತಕದ ಹಾಳೆಯ ಫೋಟೋ ಹಾಕಿದಳು. 3, 2, 1 ಕೆಜಿಯ ಪೆಟ್ಟಿಗೆಗಳು, 3 ಕೆಜಿಯ ಕಡೆಯಿಂದ 12 ನ್ಯೂಟನ್. ಮೊದಲ ಸಂದಿಯಲ್ಲಿ 6, ಎರಡನೇ ಸಂದಿಯಲ್ಲಿ 2. ಒಂದೊಂದು ಪೆಟ್ಟಿಗೆಗೂ ಬೇರೆ ಚಿತ್ರ, ಒಂದೊಂದಕ್ಕೂ ಬಾಣ.

ಅದರ ಕೆಳಗೆ ಅಪ್ಪಚ್ಚಿ ಬರೆದರು: "ಜೀಪಿನ ಲೆಕ್ಕವನ್ನೂ ಮಾಡು ಕೂಸೇ."

ಜೀಪಿನ ತೂಕ ಎಷ್ಟಿತ್ತು, ಯಾರ ಹಿಂದೆ ಯಾರು ನಿಂತಿದ್ದರು, ಜೀಪು ಆಗ ಅಲುಗಿತ್ತೋ ಇಲ್ಲವೋ ಎಂದು ಅವಳು ಕೇಳಿದ್ದಾಳೆ.