ಮಂಗಳೂರಿನಲ್ಲಿ ಕಾಮಗಾರಿಯ ಪಕ್ಕದ ಮನೆ: ಮಲೇರಿಯಾ ಕುರಿತು ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಮಂಗಳೂರಿನ ಒಂದು ಬಾಡಿಗೆ ಮನೆಗೆ ಬರಲಿದ್ದೇವೆ. ಹಿತ್ತಲಿನಲ್ಲಿ ತೆರೆದ ಬಾವಿಯಿದೆ, ಪಕ್ಕದಲ್ಲಿ ಬಹುಮಹಡಿ ಕಟ್ಟಡ ಏಳುತ್ತಿದೆ. ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ಮಲೇರಿಯಾದ ಭಯ ಕಾಡುತ್ತಿದೆ. ಎದುರಿನ ಚರಂಡಿಯನ್ನು ಮುಚ್ಚಿಸಿದರೆ ಸಾಕಾಗುವುದೇ?

ಉತ್ತರ 1 (ನಗರದ ಹಳೆಯ ನಿವಾಸಿ): ಚರಂಡಿಯನ್ನು ಮುಚ್ಚಿಸುವುದು ಒಳ್ಳೆಯದೇ, ಆದರೆ ನಮ್ಮ ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಕೊಳಚೆ ನೀರಿಗಿಂತ ನಾವು ಕುಡಿಯಲು ಸಂಗ್ರಹಿಸಿಟ್ಟಂಥ ತಿಳಿನೀರೇ ಹೆಚ್ಚು ಇಷ್ಟ. ಆದ್ದರಿಂದ ಮೊದಲು ತಾರಸಿಯನ್ನು ಹತ್ತಿ ನೋಡಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಬಾಯಿ ತೆರೆದಿದೆಯೇ ಎಂದು ಗಮನಿಸಿ, ಆ ಬಾಯಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟಿಸಿ. ಬಾವಿಗೆ ಎಲೆ ಬೀಳದಿರಲೆಂದು ಹಾಸುವ ಬಲೆಯ ಕಣ್ಣುಗಳು ದೊಡ್ಡದಾಗಿರುತ್ತವೆ. ಅದರಿಂದ ಸೊಳ್ಳೆ ತಡೆಯುವುದಿಲ್ಲ. ನಮ್ಮ ಬಾವಿಗೆ ಗಪ್ಪಿ ಮೀನುಗಳನ್ನು ಬಿಟ್ಟ ಮೇಲೆ ನೀರಿನಲ್ಲಿ ಮರಿಹುಳುಗಳು ಕಾಣುವುದು ನಿಂತಿತು. ಅನಾಫಿಲಿಸ್ ಸೊಳ್ಳೆಯ ಮರಿಹುಳುವಿಗೆ ಉಸಿರಾಡುವ ನಳಿಕೆ ಇಲ್ಲವಾದ್ದರಿಂದ ಅದು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಡೆಂಗಿ ಸೊಳ್ಳೆಯ ಮರಿ ತಲೆಕೆಳಗಾಗಿ ಓರೆಯಾಗಿ ತೂಗುತ್ತದೆ. ಟಾರ್ಚ್ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಉತ್ತರ 2 (ಕಟ್ಟಡ ಕಾಮಗಾರಿಯ ಮೇಲ್ವಿಚಾರಕ): ಪಕ್ಕದ ಕಾಮಗಾರಿಯನ್ನು ನಿರ್ಲಕ್ಷಿಸಬೇಡಿ. 1990ರ ದಶಕದಲ್ಲಿ ಮಂಗಳೂರಿನಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿದಾಗ ಅದಕ್ಕೆ ಹೊಂದಿಕೊಂಡೇ ನಡೆದದ್ದು ಕಟ್ಟಡಗಳ ಬೆಳವಣಿಗೆ. ಸ್ಲ್ಯಾಬ್ ಹಾಕಿದ ಮೇಲೆ ಗಾರೆಯ ಚಿಕ್ಕ ಕಟ್ಟೆಗಳನ್ನು ಕಟ್ಟಿ, ಕ್ಯೂರಿಂಗ್‌ಗಾಗಿ (ಕಾಂಕ್ರೀಟ್ ಒಣಗದೆ ಗಟ್ಟಿಯಾಗಲೆಂದು) ಒಂದೆರಡು ವಾರ ನೀರು ನಿಲ್ಲಿಸುತ್ತೇವೆ. ಬೆಚ್ಚನೆಯ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ರೆಕ್ಕೆ ಮೂಡಿಸಿಕೊಂಡು ಹಾರಲು ಬೇಕಾದ ಸಮಯವೂ ಸುಮಾರು ಅಷ್ಟೇ ಆದ್ದರಿಂದ, ಕಾಂಕ್ರೀಟ್ ಗಟ್ಟಿಯಾಗುವಷ್ಟರಲ್ಲಿ ಸೊಳ್ಳೆಗಳ ಒಂದು ತಲೆಮಾರು ಹೊರಬಂದಿರುತ್ತದೆ. ಒದ್ದೆ ಗೋಣಿಚೀಲಗಳನ್ನು ಹಾಸಿ ಕ್ಯೂರಿಂಗ್ ಮಾಡಬಹುದು. ನೀರು ನಿಲ್ಲಿಸಲೇಬೇಕಾದರೆ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಬಹುದು. ಇದನ್ನು ಮೇಸ್ತ್ರಿಯ ಬಳಿ ಸಮಾಧಾನದಿಂದಲೇ ಹೇಳಿ. ಲಿಫ್ಟಿನ ಗುಂಡಿ ಮತ್ತು ನೀರಿನ ಡ್ರಮ್ಮುಗಳ ಬಗ್ಗೆಯೂ ವಿಚಾರಿಸಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ: ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು ಆ ನೀರಿನ ಪಕ್ಕದಲ್ಲೇ ತಗಡಿನ ಶೆಡ್‌ಗಳಲ್ಲಿ ಪರದೆಯಿಲ್ಲದೆ ಮಲಗುವ ಕಾರ್ಮಿಕರು. ಅವರಲ್ಲಿ ಯಾರಿಗಾದರೂ ಜ್ವರ ಬಂದು ಪರೀಕ್ಷೆಯಾಗದೆ ಉಳಿದರೆ, ಅವರನ್ನು ಕಚ್ಚಿದ ಸೊಳ್ಳೆ ಕೆಲವು ದಿನಗಳ ನಂತರ ನಿಮ್ಮ ಮನೆಗೂ ರೋಗಾಣು ತರಬಲ್ಲದು. ಅವರಿಗೆ ಸೊಳ್ಳೆ ಪರದೆ ಮತ್ತು ರಕ್ತಪರೀಕ್ಷೆ ದೊರಕುವಂತೆ ಗುತ್ತಿಗೆದಾರರನ್ನು ಕೇಳುವ ಹಕ್ಕು ನೆರೆಯವರಾದ ನಿಮಗಿದೆ.

ಉತ್ತರ 3 (ಶುಶ್ರೂಷಕಿ): ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಮಗುವನ್ನು ಪರದೆಯೊಳಗೆ ಮಲಗಿಸಿ, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ, ಕತ್ತಲಾಗುವ ಮೊದಲೇ ಕಿಟಕಿ ಮುಚ್ಚಿ. ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ನಂತರವೂ ಮರುಕಳಿಸಬಲ್ಲದು. ಅದಕ್ಕಾಗಿಯೇ ವೈದ್ಯರು 14 ದಿನಗಳ ಪ್ರೈಮಾಕ್ವಿನ್ ಬರೆದುಕೊಡುತ್ತಾರೆ. ಜ್ವರ ಇಳಿದ ಕೂಡಲೇ ಅದನ್ನು ನಿಲ್ಲಿಸುವವರು ಬಹಳ ಮಂದಿ. ಹಾಗೆ ಮಾಡಬೇಡಿ. ಆದರೆ ಈ ಮಾತ್ರೆಯನ್ನು ಗರ್ಭಿಣಿಯರಿಗೂ ಎಳೆಯ ಶಿಶುಗಳಿಗೂ ಕೊಡುವುದಿಲ್ಲವಾದ್ದರಿಂದ, ಮಗುವಿನ ವಯಸ್ಸನ್ನು ವೈದ್ಯರಿಗೆ ತಿಳಿಸದೆ ಮನೆಯಲ್ಲಿ ಉಳಿದ ಮಾತ್ರೆಯನ್ನು ಎಂದೂ ಕೊಡಬೇಡಿ.