ಅಮ್ಮನಿಗೆ ಸಿಟಿ ಆಂಜಿಯೋ ಸಾಕಾ, ನೇರವಾಗಿ ಆಂಜಿಯೋಗ್ರಾಮೇ ಮಾಡಿಸಬೇಕಾ?

ದಾವಣಗೆರೆ_ಮಗಳು:
ಅಮ್ಮನಿಗೆ 58. ಆರು ವರ್ಷದಿಂದ ಶುಗರ್ ಇದೆ. ಎರಡು ತಿಂಗಳಿಂದ ತುಂಬಿದ ಕೊಡ ಹಿಡಿದು ಮೆಟ್ಟಿಲು ಹತ್ತಿದರೆ ಎದೆ ಬಿಗಿ ಹಿಡಿಯುತ್ತೆ, ನಿಂತರೆ ಸರಿಹೋಗುತ್ತೆ. ಇಸಿಜಿ, ಎಕೋ ನಾರ್ಮಲ್. ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ತೆಗೆಯುವ ಇಸಿಜಿ) ಮಾತ್ರ ಬಾರ್ಡರ್‌ಲೈನ್. ಡಾಕ್ಟರು ಸಿಟಿ ಆಂಜಿಯೋ, ಅಂದರೆ ಹೃದಯದ ರಕ್ತನಾಳಗಳ ಸ್ಕ್ಯಾನ್, ಬರೆದುಕೊಟ್ಟಿದ್ದಾರೆ. ಚಿಕ್ಕಪ್ಪ ಮಾತ್ರ, "ಅದು ಬರೀ ಫೋಟೋ, ಬ್ಲಾಕ್ ಕಂಡರೆ ಹೇಗೂ ಕೈಯ ನಾಳದಿಂದ ಹೃದಯಕ್ಕೆ ತಂತಿ ಹಾಕಿ ಆಂಜಿಯೋಗ್ರಾಮ್ ಮಾಡಲೇಬೇಕು, ಎರಡೆರಡು ಖರ್ಚು ಯಾಕೆ" ಅಂತಾರೆ. ತಂತಿ ಅಂದಿದ್ದು ಕೇಳಿ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ತಿಳಿದವರು ಹೇಳಿ.

ಸಿಟಿ_ರೂಮು:
ತಂಗಿ, ನಾನು 14 ವರ್ಷದಿಂದ ಸಿಟಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಆದರೆ ದಿನಾ ಇದನ್ನೇ ಮಾಡ್ತೀನಿ.

ಟಿಎಂಟಿ ಹೆಂಗಸರಲ್ಲಿ ಬ್ಲಾಕ್ ಇಲ್ಲದಿದ್ದರೂ ಎಷ್ಟೋ ಸಲ ಪಾಸಿಟಿವ್ ತೋರಿಸುತ್ತೆ. ಅಂಥವರನ್ನೆಲ್ಲ ಕ್ಯಾಥ್‌ಲ್ಯಾಬಿಗೆ (ತಂತಿ ಹಾಕುವ ಕೋಣೆಗೆ) ಕಳಿಸೋದು ಬೇಡ ಅಂತಲೇ ಸಿಟಿ ಬರೆಯೋದು. ಸಿಟಿ ಚೆನ್ನಾಗಿ ಬಂದು ರಕ್ತನಾಳ ಕ್ಲೀನ್ ಇದೆ ಅಂದರೆ ಆ ಮಾತನ್ನು ನಂಬಬಹುದು, ತಂತಿಯ ಮಾತೇ ಬರಲ್ಲ.

ಇನ್ನೊಂದು, ಚಿಕ್ಕಪ್ಪನವರಿಗೆ ಹೇಳಿ. ತಂತಿ ಹಾಕಿ ಮಾಡುವ ಆಂಜಿಯೋದಲ್ಲಿ ಕಾಣೋದು ನಾಳದ ಒಳಗೆ ಹರಿಯುವ, ಎಕ್ಸ್‌ರೇಯಲ್ಲಿ ಕಾಣಲಿ ಅಂತ ಕೊಡುವ ಔಷಧ. ಸಿಟಿಯಲ್ಲಿ ನಾಳದ ಗೋಡೆಯೂ ಕಾಣುತ್ತೆ, ಇನ್ನೂ ಬ್ಲಾಕ್ ಆಗದ ಕೊಬ್ಬು ಕೂಡ. ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4146 ಜನರ ಮೇಲೆ ಸ್ಕಾಟ್-ಹಾರ್ಟ್ ಅಂತ ಅಧ್ಯಯನ ನಡೆಯಿತು. ಐದು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಆದವರು ಅಥವಾ ಹೃದಯದ ನಾಳದ ಕಾಯಿಲೆಯಿಂದ ತೀರಿಕೊಂಡವರು ಸಿಟಿ ಮಾಡಿಸಿದ ಗುಂಪಿನಲ್ಲಿ 2.3%, ಮಾಡಿಸದ ಗುಂಪಿನಲ್ಲಿ 3.9%. ಸಿಟಿಯೇನೂ ಕಾಯಿಲೆ ವಾಸಿ ಮಾಡಲಿಲ್ಲ. ಕೊಬ್ಬು ಕಣ್ಣಿಗೆ ಬಿದ್ದಿದ್ದಕ್ಕೆ ಹೆಚ್ಚು ಜನಕ್ಕೆ ಹೊತ್ತಿಗೆ ಸರಿಯಾಗಿ ಮಾತ್ರೆ ಶುರುವಾಯಿತು.

ಹೋಗುವ ಮುಂಚೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮಾಡಿಸಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೋತಿದ್ದರೆ ನಿಲ್ಲಿಸಬೇಕಾ ಅಂತ ಡಾಕ್ಟರನ್ನ ಕೇಳಿ. ಆವತ್ತು ಕಾಫಿ, ಟೀ ಬೇಡ. ಹೃದಯ ಎರಡು ಬಡಿತದ ನಡುವೆ ಒಂದು ಕ್ಷಣ ತಣ್ಣಗಿರುತ್ತಲ್ಲ, ನಾವು ಚಿತ್ರ ಹಿಡಿಯೋದು ಆಗ. ಬಡಿತ 60ರ ಆಸುಪಾಸು ಬಂದರೆ ನನಗೆ ನೆಮ್ಮದಿ. ಅದಕ್ಕೇ ಬಡಿತ ಇಳಿಸುವ ಮಾತ್ರೆ ಕೊಟ್ಟು ಕೂರಿಸ್ತೀವಿ. ಮೊಣಕೈ ಮಡಿಚುವ ಜಾಗದಲ್ಲಿ ಔಷಧ ಬಿಡಲು ಹಸಿರು ಕ್ಯಾನುಲಾ (ಸಣ್ಣ ಪ್ಲಾಸ್ಟಿಕ್ ಕೊಳವೆ) ಹಾಕ್ತೀವಿ. ಔಷಧ ಹೋದಾಗ ಗಂಟಲಿಂದ ಕಿಬ್ಬೊಟ್ಟೆವರೆಗೆ ಬಿಸಿ ಇಳಿಯುತ್ತೆ, ಬಟ್ಟೆಯಲ್ಲೇ ಒಂದಕ್ಕೆ ಹೋಯ್ತೇನೋ ಅನಿಸುತ್ತೆ. ಹೋಗಿರಲ್ಲ. ಇದನ್ನು ಮೊದಲೇ ಹೇಳದಿದ್ದರೆ ತಾಯಂದಿರು ಗಾಬರಿಯಾಗಿ, ಚಿತ್ರ ಹಿಡಿಯುವವರೆಗೆ ಹಿಡಿದಿರಬೇಕಾದ ಉಸಿರನ್ನು ಬಿಟ್ಟುಬಿಡ್ತಾರೆ, ಚಿತ್ರ ಕೆಡುತ್ತೆ.

ಸುಮ್ಮನೆ ಕೂತಾಗಲೂ ನೋವು ಬಂತು, ಬೆವರಿತು ಅಂದರೆ ಸಿಟಿಗೆ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.

ಮಲ್ನಾಡ್_ಮೇಷ್ಟ್ರು:
ನಮ್ಮ ತಂದೆಯವರಿಗೆ 74, ಹಳೆಯ ಸಣ್ಣ ಸ್ಟೆಂಟ್ (ನಾಳ ತೆರೆದಿಡುವ ಲೋಹದ ಜಾಲರಿ) ಎರಡಿದ್ದವು. ಸಿಟಿಯಲ್ಲಿ ಅಲ್ಲೆಲ್ಲ ಬರೀ ಬಿಳಿ ಹೊಳಪು, "ಹೇಳಲಾಗದು" ಅಂತ ರಿಪೋರ್ಟ್. ಕೊನೆಗೆ ಆಂಜಿಯೋಗ್ರಾಮೇ ಆಯಿತು. ಅಂಥವರ ವಿಷಯದಲ್ಲಿ ನಿಮ್ಮ ಚಿಕ್ಕಪ್ಪ ಹೇಳೋದು ಸರಿ.

ಸಿಟಿ_ರೂಮು:
ಮೇಷ್ಟ್ರೇ, ನಿಜ. ಸುಣ್ಣ ಕಟ್ಟಿದ ನಾಳ, ಸಣ್ಣ ಸ್ಟೆಂಟ್, ಇವೆರಡೂ ನಮಗೆ ಕಷ್ಟವೇ. ಲೋಹ ಇರೋದಕ್ಕಿಂತ ದಪ್ಪವಾಗಿ ಕಂಡು ಒಳಗಿನದನ್ನು ಮುಚ್ಚುತ್ತೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಫೋಟಾನ್ ಕೌಂಟಿಂಗ್ ಸಿಟಿಯಲ್ಲಿ ಎಕ್ಸ್‌ರೇ ಕಣಗಳನ್ನು ಒಂದೊಂದಾಗಿ ಎಣಿಸುತ್ತೆ, ಆ ಹೊಳಪು ಎಷ್ಟೋ ತಗ್ಗುತ್ತೆ. ಅದರ ಚಿತ್ರಗಳನ್ನು ನೋಡಿ ನಾನು ಎದ್ದು ನಿಂತುಬಿಟ್ಟಿದ್ದೆ. ನಾನು ಕೆಲಸ ಮಾಡುವ ಕಡೆ ಆ ಮೆಷೀನ್ ಇಲ್ಲ. ತಂಗಿಯ ತಾಯಿಗೆ ಸ್ಟೆಂಟ್ ಇಲ್ಲವಲ್ಲ, ಇರುವ ಮೆಷೀನೇ ಸಾಕಾಗಬಹುದು.

ದಾವಣಗೆರೆ_ಮಗಳು:
ಅಣ್ಣ, ತುಂಬಾ ಉಪಕಾರ ಆಯ್ತು. ಕ್ರಿಯಾಟಿನಿನ್ 0.8 ಬಂದಿದೆ, ಗುರುವಾರ ಬೆಳಿಗ್ಗೆಗೆ ಟೈಮ್ ಕೊಟ್ಟಿದ್ದಾರೆ. ಚಿಕ್ಕಪ್ಪನಿಗೆ ನೀವು ಬರೆದದ್ದನ್ನು ಓದಿ ಹೇಳಿದೆ, ಅವರೇ ಕಾರು ತರ್ತಾರಂತೆ. ಅಮ್ಮ ಗೋಡೆ ಗಡಿಯಾರದ ಮುಳ್ಳು ನೋಡ್ತಾ ಹತ್ತು ಎಣಿಸೋವರೆಗೆ ಉಸಿರು ಹಿಡಿಯೋದು ಅಭ್ಯಾಸ ಮಾಡ್ತಿದ್ದಾಳೆ. ಮಧ್ಯಾಹ್ನ ಎರಡು ರೊಟ್ಟಿ ತಿಂದಳು.