ಹಂಪ್ ಇಳಿದರೆ ಎಡಗಡೆ ಮುಂದಿನ ಚಕ್ರದಲ್ಲಿ 'ಟಕ್': ಬಾಲ್ ಜಾಯಿಂಟ್ ಅಂದರೆ ಏನು, ಗ್ರೀಸ್ ಹೊಡೆದರೆ ಸಾಕಾ?

ಆಲ್ದೂರು_ತೋಟ:

ಎಲ್ಲರಿಗೂ ನಮಸ್ಕಾರ. ಆಲ್ದೂರು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92,000 ಕಿ.ಮೀ. ಆಗಿದೆ. ದಿನಾ ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ, ಅದರಲ್ಲಿ ಮನೆಯಿಂದ ಟಾರ್ ರಸ್ತೆ ಸಿಗುವವರೆಗೆ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ಪೂರ್ತಿ ಕೆಸರು.

ಈ ಸಲ ಮಳೆ ನಿಂತ ಮೇಲೆ ಹಂಪ್ ಇಳಿಯುವಾಗ ಎಡಗಡೆ ಮುಂದಿನ ಚಕ್ರದಿಂದ 'ಟಕ್' ಅಂತ ಒಂದು ಶಬ್ದ ಬರುತ್ತಿದೆ. ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹಿಂದಕ್ಕೆ ತೆಗೆಯುವಾಗಲೂ ಅದೇ ಶಬ್ದ. ಒಬ್ಬ ಮೆಕ್ಯಾನಿಕ್ ನೋಡಿ, ಲೋಯರ್ ಆರ್ಮ್ ಬಾಲ್ ಜಾಯಿಂಟ್ ಹೋಗಿದೆ, ಎರಡೂ ಕಡೆ ಬದಲಾಯಿಸಿ ಅಂದರು. ಇನ್ನೊಬ್ಬರು, ಅದೆಲ್ಲ ಬೇಡ, ಸಿರಿಂಜ್‌ನಲ್ಲಿ ಗ್ರೀಸ್ ಹೊಡೆದು ಕೊಡುತ್ತೇನೆ, ಎರಡು ವರ್ಷ ಓಡುತ್ತೆ ಅಂದರು. ಮುಂದಿನ ವಾರ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಯಾರ ಮಾತು ನಂಬಬೇಕು ಅಂತ ಗೊತ್ತಾಗುತ್ತಿಲ್ಲ. ಈ ಬಾಲ್ ಜಾಯಿಂಟ್ ನಿಜವಾಗಿ ಮಾಡುವ ಕೆಲಸ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಾಸನ_ಸ್ಪ್ಯಾನರ್:

ಹಾಸನದಲ್ಲಿ 22 ವರ್ಷದಿಂದ ಗಾಡಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕಡೆಯಿಂದ, ಮೂಡಿಗೆರೆ ಕಡೆಯಿಂದ ಬರುವ ಗಾಡಿಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ.

ಮುಂದಿನ ಚಕ್ರ ಎರಡು ಕೆಲಸ ಒಟ್ಟಿಗೆ ಮಾಡಬೇಕು. ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಹೋಗಬೇಕು, ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ತಿರುಗಬೇಕು. ಬಾಗಿಲ ಕೀಲಿನಂಥದ್ದು ಹಾಕಿದರೆ ಒಂದೇ ಕಡೆ ಆಡುತ್ತೆ, ಇನ್ನೊಂದು ಕಡೆ ಹಿಡಿದುಕೊಳ್ಳುತ್ತೆ. ಅದಕ್ಕೇ ಗುಂಡು ಬೇಕು. ಲೋಯರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು. ಅದರ ಒಳತುದಿ ರಬ್ಬರ್ ಬುಷ್ ಮೇಲೆ ಗಾಡಿಯ ಫ್ರೇಮಿಗೆ ಕೂತಿರುತ್ತೆ. ಹೊರತುದಿಯಲ್ಲಿ ಒಂದು ಬಟ್ಟಲು, ಅದರೊಳಗೆ ಉಕ್ಕಿನ ಗುಂಡು, ಗುಂಡಿನಿಂದ ಹೊರಟ ಕಡ್ಡಿ ಚಕ್ರ ಹಿಡಿದಿರುವ ನಕಲ್‌ಗೆ ಬಿಗಿದಿರುತ್ತೆ. ಗುಂಡಿಗೂ ಬಟ್ಟಲಿಗೂ ನಡುವೆ ತೆಳು ಪ್ಲಾಸ್ಟಿಕ್ ಲೈನರ್, ಗ್ರೀಸ್. ಮೇಲೆ ರಬ್ಬರ್ ಬೂಟ್. ನಮ್ಮ ಹೆಗಲಿನ ಕೀಲು ಇದ್ದ ಹಾಗೆಯೇ ಅಂದುಕೊಳ್ಳಿ.

ಇನ್ನೊಂದು ವಿಷಯ, ತುಂಬಾ ಜನ ಇದನ್ನು ತಪ್ಪು ತಿಳಿದಿರುತ್ತಾರೆ. ನಿಮ್ಮಂಥ ಸಣ್ಣ ಕಾರುಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತೆ, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಕಂಬ. ಗಾಡಿಯ ತೂಕ ಸ್ಪ್ರಿಂಗ್ ಮೂಲಕ ಸ್ಟ್ರಟ್‌ಗೆ, ಅಲ್ಲಿಂದ ನಕಲ್‌ಗೆ ಹೋಗುತ್ತೆ, ಕೆಳಗಿನ ಬಾಲ್ ಜಾಯಿಂಟ್ ಮೇಲೆ ಕೂರುವುದಿಲ್ಲ. ಹಾಗಂತ ಅದು ಸುಮ್ನೆ ಕೂತಿರುವುದಿಲ್ಲ. ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಹೋಗುವಾಗ ಚಕ್ರದ ಕೆಳಭಾಗವನ್ನು ಜಾಗದಲ್ಲಿ ಹಿಡಿದಿಡುವುದು ಅದೇ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಎರಡೂ ಒಟ್ಟಿಗೆ ಬೀಳುತ್ತೆ, ಅಲ್ವಾ? ಡಬಲ್ ವಿಶ್‌ಬೋನ್, ಅಂದರೆ ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್ ಇರುವ ಗಾಡಿಗಳ ಲೆಕ್ಕ ಬೇರೆ, ಸ್ಪ್ರಿಂಗ್ ಕೂತಿರುವ ಆರ್ಮ್‌ನ ಜಾಯಿಂಟ್ ತೂಕವನ್ನೂ ಹೊರುತ್ತೆ.

ಈಗ ಗ್ರೀಸ್ ವಿಷಯ. ಬಾಲ್ ಜಾಯಿಂಟ್ ಕಿಲೋಮೀಟರ್‌ಗಿಂತ ಕೆಸರಿಗೆ ಬೇಗ ಸಾಯುತ್ತೆ. ರಬ್ಬರ್ ಬೂಟ್ ಚೂರು ಹರಿದರೂ ನೀರು, ಮಣ್ಣು ಒಳಗೆ ಹೋಗಿ ಗ್ರೀಸ್ ಜೊತೆ ಕಲಸಿಕೊಳ್ಳುತ್ತೆ. ಆಮೇಲೆ ಅದು ಒರಳುಕಲ್ಲೇ, ಗುಂಡು ತಿರುಗಿದಷ್ಟೂ ತನ್ನ ಲೈನರನ್ನೇ ರುಬ್ಬಿಕೊಳ್ಳುತ್ತೆ. ಶಬ್ದ ಬರುತ್ತಿದೆ ಅಂದರೆ ಸವೆತ ಆಗಲೇ ಆಗಿದೆ. ಸಿರಿಂಜ್‌ನಲ್ಲಿ ಗ್ರೀಸ್ ತುಂಬಿದರೆ ನಾಲ್ಕು ದಿನ ಶಬ್ದ ಮುಚ್ಚಿಹೋಗುತ್ತೆ, ಸವೆದದ್ದು ವಾಪಸ್ ಬರುವುದಿಲ್ಲ. ದಯವಿಟ್ಟು ಅದನ್ನು ಮಾಡಿಸಬೇಡಿ. ಶಬ್ದ ಇದ್ದರೆ ಕಡೇಪಕ್ಷ ಎಚ್ಚರಿಕೆಯಾದರೂ ಇರುತ್ತೆ.

ಸಕಲೇಶಪುರ_ಮಳೆ:

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ. ನನ್ನ ಹಳೇ ಕಾರಿನಲ್ಲಿ ಇದೇ ಆಯಿತು. ಮೂರು ತಿಂಗಳು 'ಟಕ್ ಟಕ್' ಕೇಳಿಕೊಂಡೇ ಓಡಿಸಿದೆ. ಒಂದು ದಿನ ಮನೆ ಗೇಟಿನ ಹತ್ತಿರ, ಹತ್ತು ಕಿಲೋಮೀಟರ್ ವೇಗವೂ ಇರಲಿಲ್ಲ, ಸ್ಟೇರಿಂಗ್ ತಿರುಗಿಸಿದ್ದೇ ಗುಂಡು ಬಟ್ಟಲಿನಿಂದ ಕಳಚಿಕೊಂಡಿತು. ಚಕ್ರದ ಕೆಳಭಾಗ ಹೊರಗೆ ಓಡಿ ಚಕ್ರ ಓರೆಯಾಗಿ ನಿಂತುಬಿಟ್ಟಿತು, ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಒಳಗಡೆಯಿಂದ ಕಿತ್ತುಕೊಂಡು ಬಂತು, ಗೇರ್ ಆಯಿಲ್ ಎಲ್ಲ ನೆಲದ ಮೇಲೆ. ಹಿಂದಿನ ದಿನ ಅದೇ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತಿ ಬಂದಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ. ಸರಿ ಮಾಡಿಸದೆ ಘಾಟಿಗೆ ಇಳಿಯಬೇಡಿ.

ಬೇಲೂರು_ವ್ಹೀಲ್:

ಬದಲಾಯಿಸುವ ಮೊದಲು ಅದೇನಾ ಅಂತ ಖಚಿತ ಮಾಡಿಕೊಳ್ಳಿ, ಇಂಥ ಶಬ್ದ ಬೇರೆ ಭಾಗಗಳಿಂದಲೂ ಬರಬಹುದು. ಮುರುಕು ರಸ್ತೆಯಲ್ಲಿ ಸಣ್ಣಗೆ ಗಡಗಡ ಅನ್ನುತ್ತಲೇ ಇದ್ದರೆ ಹೆಚ್ಚಾಗಿ ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಸಣ್ಣ ಕೊಂಡಿ), ಅದು ಅಗ್ಗದ ಕೆಲಸ. ಬ್ರೇಕ್ ಹಿಡಿದ ಕೂಡಲೇ ಒಂದು ಸಲ 'ಧಡ್' ಅಂದರೆ ಆರ್ಮ್ ಬುಷ್ ಮೇಲೆ ಅನುಮಾನ ಪಡಿ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯ ಬಾಡಿ ಕೆಳಗೆ ಜಾಕ್ ಹಾಕಿ ಮುಂದಿನ ಚಕ್ರ ನೇತಾಡುವಂತೆ ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಇಡದೆ ಯಾರೂ ಕೈ ಹಾಕಬಾರದು. ಚಕ್ರದ ನೆತ್ತಿ ಮತ್ತು ಬುಡ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಳಗೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಟ ನಿಂತರೆ ವ್ಹೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್, ಅದೂ ಒಂದು ಬಾಲ್ ಜಾಯಿಂಟೇ, ಸ್ಟೇರಿಂಗ್‌ನದು. ಕೊನೆಗೆ ಆರ್ಮ್ ಮತ್ತು ನಕಲ್ ನಡುವೆ ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಕೊಟ್ಟು ಮೀಟಿಸಿ, ಜಾಯಿಂಟ್ ಜಾಗದಲ್ಲಿ ಕಣ್ಣಿಡಿ.

ಎರಡೂ ಕಡೆ ಬದಲಾಯಿಸಲೇಬೇಕು ಅನ್ನುವ ಮಾತು ನಾನು ಒಪ್ಪುವುದಿಲ್ಲ. ಬಲಗಡೆ ಬೂಟ್ ಗಟ್ಟಿಯಾಗಿದ್ದು ಆಟ ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ.

ಹಾಸನ_ಸ್ಪ್ಯಾನರ್:

ಬೇಲೂರು ಅವರೇ, ಒಪ್ಪಿದೆ. ಬಿಚ್ಚಿಸುವಾಗ ಪಕ್ಕದಲ್ಲಿ ನಿಂತು ಎರಡು ವಿಷಯ ನೋಡಿ. ಕಡ್ಡಿಗೆ ಸ್ಪ್ಲಿಟ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತೂತಿನಲ್ಲಿ ತೂರಿಸಿ ಮಡಚುವ ಪಿನ್) ಇರುವ ನಟ್ ಆಗಿದ್ದರೆ ಹೊಸ ಪಿನ್ನೇ ಹಾಕಿಸಿ, ತೂತು ಕೂರಲಿಲ್ಲ ಅಂತ ನಟ್ ಸಡಿಲ ಮಾಡಬಾರದು, ನಟ್‌ನ ಮುಂದಿನ ಸೀಳು ತೂತಿಗೆ ಸರಿಯಾಗಿ ಬರುವವರೆಗೆ ಇನ್ನೂ ಬಿಗಿಯಬೇಕು. ಎರಡನೆಯದು, ಆರ್ಮ್ ಪೂರ್ತಿ ಹೊಸದು ಹಾಕಿದರೆ ಬುಷ್ ಬೋಲ್ಟನ್ನು ಚಕ್ರ ನೇತಾಡುವಾಗಲೇ ಕೊನೆಯ ಬಿಗಿ ಬಿಗಿಯಬಾರದು. ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತೆ. ಅವಸರದಲ್ಲಿ ಬಹಳ ಕಡೆ ಇದನ್ನು ಮಾಡುವುದಿಲ್ಲ, ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಆಮೇಲೆ ಅಲೈನ್‌ಮೆಂಟ್ ನೋಡಿಸಿ.

ಆಲ್ದೂರು_ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮಾಡಿಸಿದೆ. ಬ್ರೇಕ್ ತುಳಿದರೂ ಆಟ ನಿಲ್ಲಲಿಲ್ಲ, ಟಾಮಿ ಹಾಕಿ ಮೀಟಿದಾಗ ಗುಂಡು ಬಟ್ಟಲಿನಲ್ಲಿ ಎದ್ದು ಕೂರುವುದು ಕಣ್ಣಿಗೇ ಕಾಣಿಸಿತು. ನಮ್ಮ ಗಾಡಿಗೆ ಜಾಯಿಂಟ್ ಬಿಡಿಯಾಗಿ ಸಿಗಲಿಲ್ಲ, ಆರ್ಮ್ ಪೂರ್ತಿ ಹಾಕಿದರು.

ಹಳೆಯದನ್ನು ಕೇಳಿ ತೆಗೆದುಕೊಂಡು ಬಂದಿದ್ದೇನೆ. ಬೂಟ್ ಮುಂದಿನಿಂದ ಚೆನ್ನಾಗಿಯೇ ಕಾಣುತ್ತೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ, ರಿಂಗ್ ಕೂರುವ ಅಂಚಿನಲ್ಲಿ ಉಗುರಿನಷ್ಟು ಉದ್ದದ ಸೀಳು. ಅಷ್ಟೇ. ಒಳಗಿನ ಗ್ರೀಸ್ ನಮ್ಮ ತೋಟದ ಮಣ್ಣಿನ ಬಣ್ಣಕ್ಕೇ ತಿರುಗಿದೆ, ಬೆರಳಲ್ಲಿ ಉಜ್ಜಿದರೆ ಮರಳು ಸಿಗುತ್ತೆ. ಹೊಸದರ ಕಡ್ಡಿ ಅಲ್ಲಾಡಿಸಲು ಎರಡೂ ಕೈ ಬೇಕಾಯಿತು, ಹಳೆಯದು ಆರ್ಮ್ ಎತ್ತಿದರೆ ತಾನಾಗಿಯೇ ಜೋತುಬೀಳುತ್ತೆ.

ಬಲಗಡೆಯದು ಬಿಗಿಯಾಗಿದೆ, ಬೂಟ್ ಸುತ್ತ ಬೆರಳಾಡಿಸಿ ನೋಡಿದೆ, ಎಲ್ಲೂ ಸೀಳಿಲ್ಲ, ಅದನ್ನು ಮುಟ್ಟಿಲ್ಲ. ಬುಷ್ ಬೋಲ್ಟ್ ಗಾಡಿ ಕೆಳಗಿಳಿಸಿದ ಮೇಲೆ ಬಿಗಿಯಲು ಹೇಳಿದಾಗ ಹುಡುಗ ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ಹಾಗೇ ಮಾಡಿದ. ಅಲೈನ್‌ಮೆಂಟ್ ಕೂಡ ಆಯಿತು. ಗುರುವಾರ ಹೊರಡುತ್ತೇವೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯುವುದು.